ಆಫರ್ ಲೆಟರ್ ಬಂತು, ಜುಲೈ ಇನ್ನೂ ಬಾಕಿ ಇದೆ

ಅಮೆರಿಕದ ಕಾಲೇಜುಗಳ ಪ್ರವೇಶ ಪತ್ರ ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲಿ ಬರುತ್ತದೆ. ಮೊದಲ ಸಾಲಿನ ಅಭಿನಂದನೆಯನ್ನು ಮನೆಮಂದಿಯೆಲ್ಲ ಓದುತ್ತಾರೆ, ಸ್ಕ್ರೀನ್‌ಶಾಟ್ ಬಂಧುಬಳಗದ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಕೊನೆಯ ಪ್ಯಾರಾ ಓದುವವರು ಕಡಿಮೆ. ಈ ವರ್ಷದ ಓದನ್ನು ಇದುವರೆಗಿನ ಮಟ್ಟದಲ್ಲೇ ಮುಗಿಸಬೇಕು, ಅಂತಿಮ ದಾಖಲೆ ಕಳಿಸಬೇಕು, ಇಲ್ಲದಿದ್ದರೆ ಪ್ರವೇಶವನ್ನು ಹಿಂಪಡೆಯಬಹುದು ಎಂದು ಅಲ್ಲಿ ಬರೆದಿರುತ್ತದೆ. ಏಪ್ರಿಲ್‌ನಲ್ಲಿ ಒಂದು ಟೆಸ್ಟ್ ಕೆಟ್ಟುಹೋದ ರಾತ್ರಿ ಆ ಪ್ಯಾರಾ ನೆನಪಾಗುತ್ತದೆ, ನಿದ್ದೆ ಹಾರಿಹೋಗುತ್ತದೆ.

ಈ ಭಯಕ್ಕೆ ಕಾರಣವಿಲ್ಲ ಎನ್ನಲಾಗದು. ಕೊಟ್ಟ ಪ್ರವೇಶವನ್ನು ಕಾಲೇಜುಗಳು ಪ್ರತಿವರ್ಷ ಹಿಂಪಡೆಯುತ್ತವೆ. ಆದರೆ ಮಕ್ಕಳು ಹೆದರುವುದು ಒಂದಕ್ಕೆ, ಸಿಕ್ಕಿಕೊಳ್ಳುವುದು ಇನ್ನೊಂದಕ್ಕೆ. ‘ಎ’ ಬರುವಲ್ಲಿ ‘ಬಿ’ ಬಂತೆಂದು ಕಣ್ಣೀರು ಹಾಕುವ ಹುಡುಗಿ, ತನ್ನ ಶಾಲೆ ಕಳಿಸಿದ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಎಲ್ಲ ವರ್ಷಗಳ ಅಂಕದ ದಾಖಲೆ) ಹೈಸ್ಕೂಲ್ ಮುಗಿಸಿದ ದಿನಾಂಕ ಇದೆಯೇ ಎಂದು ನೋಡಿರುವುದಿಲ್ಲ. ಆ ‘ಬಿ’ಯಿಂದ ಏನೂ ಆಗದು. ದಿನಾಂಕ ಇಲ್ಲದಿದ್ದರೆ ಜುಲೈನಲ್ಲಿ ಫಜೀತಿ.

ಪ್ರವೇಶ ಷರತ್ತಿನದ್ದಾಗಲು ಕಾರಣ ಕ್ಯಾಲೆಂಡರ್. ಅರ್ಜಿ ಹಾಕುವುದು ನವೆಂಬರ್‌ನಿಂದ ಜನವರಿಯೊಳಗೆ, ಹನ್ನೆರಡನೇ ತರಗತಿ ಅರ್ಧವೂ ಆಗಿರುವುದಿಲ್ಲ. ನಡುವೆ ಶಾಲೆಯ ಕೌನ್ಸೆಲರ್ ಅರ್ಧವಾರ್ಷಿಕ ವರದಿ ಕಳಿಸುತ್ತಾರೆ, ವರ್ಷ ಮುಗಿದ ಮೇಲೆ ಅಂತಿಮ ವರದಿ. ಕಾಲೇಜು ಮೂರೂವರೆ ವರ್ಷದ ಅಂಕ ನೋಡಿ ತೀರ್ಮಾನ ಮಾಡಿರುತ್ತದೆ, ಉಳಿದ ಅರ್ಧ ವರ್ಷವನ್ನು ನಂಬಿಕೆಯ ಮೇಲೆ ಬಿಟ್ಟಿರುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ, ಅಂದರೆ ಯುಸಿಯ, ಒಂಬತ್ತು ಪದವಿ ಕ್ಯಾಂಪಸ್‌ಗಳಲ್ಲಿ ಈ ನಂಬಿಕೆ ಇನ್ನೂ ದೊಡ್ಡದು. ಅರ್ಜಿಯ ಜೊತೆ ಅಂಕಪಟ್ಟಿ ಕೇಳುವುದೇ ಇಲ್ಲ. ಪ್ರತಿ ವಿಷಯ, ಪ್ರತಿ ಗ್ರೇಡ್ ವಿದ್ಯಾರ್ಥಿಯೇ ಟೈಪ್ ಮಾಡಬೇಕು. ಅವನು ಬರೆದದ್ದನ್ನೂ ಶಾಲೆಯ ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುವುದು ಮುಂದಿನ ಬೇಸಿಗೆಯಲ್ಲಿ: ಅಂತಿಮ ಟ್ರಾನ್ಸ್‌ಕ್ರಿಪ್ಟ್‌ಗೆ ಜುಲೈ 1, ಎಪಿ ಮತ್ತು ಐಬಿ (ಹೈಸ್ಕೂಲಿನಲ್ಲೇ ಓದುವ ಮೇಲ್ಮಟ್ಟದ ಕೋರ್ಸ್‌ಗಳು) ಪರೀಕ್ಷೆಯ ಅಧಿಕೃತ ಅಂಕಗಳಿಗೆ ಜುಲೈ 15 ಗಡುವು. ನವೆಂಬರ್‌ನಲ್ಲಿ ಆದ ಒಂದು ಟೈಪಿಂಗ್ ತಪ್ಪು ಎಂಟು ತಿಂಗಳು ಸದ್ದಿಲ್ಲದೆ ಕೂತು, ಹಾಸ್ಟೆಲ್ ಬುಕ್ ಮಾಡಿ ಟಿಕೆಟ್ ತೆಗೆದ ಮೇಲೆ ಎದ್ದು ಬರುವುದು ಹೀಗೆ.

2017ರ ಬೇಸಿಗೆಯಲ್ಲಿ ಯುಸಿ ಅರ್ವೈನ್‌ನಲ್ಲಿ ಆದದ್ದು ಇದಕ್ಕೆ ಒಳ್ಳೆಯ ಪಾಠ. ಆ ವರ್ಷ 6,250 ಹೊಸ ವಿದ್ಯಾರ್ಥಿಗಳು ಬರುತ್ತಾರೆಂದು ಅಂದಾಜಿತ್ತು, ಸೇರುತ್ತೇವೆ ಎಂದವರು ಸುಮಾರು 7,100. ತರಗತಿ ಶುರುವಾಗಲು ಎರಡು ತಿಂಗಳಿರುವಾಗ 499 ಮಂದಿಯ ಪ್ರವೇಶ ರದ್ದಾಯಿತು. ಅರ್ಧಕ್ಕಿಂತ ಹೆಚ್ಚಿನವರ ಮೇಲಿದ್ದ ದೂರು ಟ್ರಾನ್ಸ್‌ಕ್ರಿಪ್ಟ್‌ಗೆ ಸಂಬಂಧಿಸಿದ್ದು, ಉಳಿದವರದು ಅಂಕ. ಟ್ರಾನ್ಸ್‌ಕ್ರಿಪ್ಟ್ ಕಳಿಸಿದ ರಸೀದಿ ನಮ್ಮಲ್ಲಿದೆ ಎಂದು ಹಲವರು ದನಿ ಎತ್ತಿದರು. ಆಗಸ್ಟ್ ಮೊದಲ ವಾರ ಕುಲಪತಿಗಳು ಕ್ಷಮೆ ಕೇಳಿ, ಅಂಕದ ಷರತ್ತು ಮುರಿದವರನ್ನು ಬಿಟ್ಟು ಉಳಿದವರೆಲ್ಲರ ಪ್ರವೇಶವನ್ನು ಮರಳಿ ಕೊಡಿಸಿದರು. ಸೀಟು ಬಿಗಿಯಾದ ವರ್ಷ ನಿಯಮಗಳೂ ಬಿಗಿಯಾಗುತ್ತವೆ. ಹಿಂದಿನ ವರ್ಷ ಅಣ್ಣನಿಗೆ ನಡೆದ ವಿನಾಯಿತಿ ಈ ವರ್ಷ ತಂಗಿಗೆ ನಡೆಯುತ್ತದೆ ಎನ್ನುವ ಖಾತ್ರಿ ಇಲ್ಲ. ರಸೀದಿ ಇಟ್ಟುಕೊಂಡವರು ಮಾತಾಡಬಲ್ಲರು.

ಎಷ್ಟು ಕುಸಿದರೆ ಅಪಾಯ

ಬ್ರಿಟನ್ನಿನಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ. ಅಲ್ಲಿ ‘ಕಂಡಿಷನಲ್ ಆಫರ್’ ಎಂದರೆ ಇಂತಿಷ್ಟು ಗ್ರೇಡ್ ಎಂದು ಪತ್ರದಲ್ಲೇ ಬರೆದಿರುತ್ತದೆ. ಆಗಸ್ಟ್‌ನಲ್ಲಿ ಎ-ಲೆವೆಲ್ ಫಲಿತಾಂಶ ಬಂದ ದಿನ ಗೊತ್ತಾಗಿಬಿಡುತ್ತದೆ, ತಪ್ಪಿದರೆ ಎರಡನೇ ಆಯ್ಕೆಯ ಕಾಲೇಜು, ಅದೂ ತಪ್ಪಿದರೆ ಕ್ಲಿಯರಿಂಗ್, ಅಂದರೆ ಉಳಿದ ಸೀಟುಗಳ ಹಂಚಿಕೆ. ಅಮೆರಿಕದ ಹೆಚ್ಚಿನ ಖಾಸಗಿ ಕಾಲೇಜುಗಳು ಸಂಖ್ಯೆ ಹೇಳುವುದಿಲ್ಲ, ‘ಇದೇ ಮಟ್ಟ’ ಎನ್ನುತ್ತವೆ, ಅಷ್ಟೇ. ಮಕ್ಕಳ ಗಾಬರಿಗೆ ಅರ್ಧ ಕಾರಣ ಈ ಅಸ್ಪಷ್ಟತೆ.

ಯುಸಿಯಲ್ಲಿ ಮಾತ್ರ ಸಂಖ್ಯೆ ಇದೆ. ಹಲವು ಕ್ಯಾಂಪಸ್‌ಗಳ ಷರತ್ತು ಪತ್ರದಲ್ಲಿ ಎರಡು ಅಂಶ ಕಾಣುತ್ತವೆ: ಹನ್ನೆರಡನೇ ತರಗತಿಯಲ್ಲಿ ಡಿ ಅಥವಾ ಎಫ್ ಬರಬಾರದು, ಮತ್ತು ಜಿಪಿಎ, ಅಂದರೆ ಎಗೆ 4, ಬಿಗೆ 3, ಸಿಗೆ 2, ಡಿಗೆ 1 ಎಂದು ಹಾಕಿದ ಸರಾಸರಿ, 3.0ಕ್ಕಿಂತ ಕೆಳಗೆ ಇಳಿಯದಿರಬೇಕು. ಈ ಸರಾಸರಿ ‘ಅನ್‌ವೆಯ್ಟೆಡ್’, ಎಪಿ ವಿಷಯಕ್ಕೆ ಸಿಗುವ ಹೆಚ್ಚುವರಿ ಅಂಕ ಇಲ್ಲಿ ಲೆಕ್ಕಕ್ಕಿಲ್ಲ. ಐದು ವಿಷಯಗಳಲ್ಲಿ ಎರಡು ಎ, ಒಂದು ಬಿ, ಎರಡು ಸಿ ಬಂದವೆನ್ನಿ. 4, 4, 3, 2, 2 ಕೂಡಿದರೆ 15, ಐದರಿಂದ ಭಾಗಿಸಿದರೆ ಸರಿಯಾಗಿ 3.0, ದಡ ಸೇರಿದಂತೆ. ಅದೇ ವಿದ್ಯಾರ್ಥಿಯ ಎರಡು ವಿಷಯ ಎಪಿ ಆಗಿದ್ದರೆ ಶಾಲೆಯ ರಿಪೋರ್ಟ್ ಕಾರ್ಡ್ 3.4 ತೋರಿಸುತ್ತದೆ, ಅವನು ನಿಶ್ಚಿಂತೆಯಾಗಿರುತ್ತಾನೆ. ಒಂದು ಸಿ ಜಾರಿ ಡಿ ಆದರೆ 14, ಅಂದರೆ 2.8. ಆಗ ಎರಡೂ ಷರತ್ತು ಒಟ್ಟಿಗೆ ಮುರಿದವು.

ಸಂಖ್ಯೆ ಹೇಳದ ಕಾಲೇಜುಗಳಲ್ಲಿ ಅನುಭವಿ ಕೌನ್ಸೆಲರ್‌ಗಳು ಬಳಸುವ ಅಂದಾಜು ಇದು. ಎ ಇದ್ದವರಿಗೆ ಒಂದೆರಡು ಬಿ ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ಸದಾ ಎ ಬರುತ್ತಿದ್ದವರಿಗೆ ಒಂದು ಸಿ ಬಂದರೆ, ಬಹಳ ಪೈಪೋಟಿಯ ಕಾಲೇಜುಗಳಲ್ಲಿ ವಿವರಣೆ ಕೇಳುವ ಪತ್ರ ಬರಬಹುದು, ಸೀಟು ಹೋಗುವುದು ವಿರಳ. ಡಿ, ಎಫ್, ಅಥವಾ ಎರಡು ಮೂರು ಸಿ ಒಟ್ಟಿಗೆ ಬಂದರೆ ವಿಷಯ ಗಂಭೀರ. ಇಂಜಿನಿಯರಿಂಗ್‌ಗೆ ಸೇರುವವನ ಗಣಿತದ ಸಿ, ಇತಿಹಾಸದ ಸಿ ಎರಡೂ ಒಂದೇ ತೂಕದವಲ್ಲ.

ಗ್ರೇಡಿಗಿಂತ ಹೆಚ್ಚು ಮಂದಿಯನ್ನು ಕೆಡಿಸುವುದು ವಿಷಯ ಬಿಡುವುದು. ಪ್ರವೇಶ ಸಿಕ್ಕಿತಲ್ಲ ಎಂದು ಫೆಬ್ರವರಿಯಲ್ಲಿ ಎಪಿ ಕ್ಯಾಲ್ಕುಲಸ್ ಬಿಟ್ಟು ಹಗುರ ವಿಷಯ ತೆಗೆದುಕೊಳ್ಳುತ್ತಾರೆ, ಶಾಲೆಯೂ ಒಪ್ಪುತ್ತದೆ. ಆದರೆ ಕಾಲೇಜು ಪ್ರವೇಶ ಕೊಟ್ಟದ್ದು ಅರ್ಜಿಯಲ್ಲಿದ್ದ ವಿಷಯಗಳ ಪಟ್ಟಿ ನೋಡಿ. ಬಿಡುವ ಮೊದಲು ಕಾಲೇಜಿಗೆ ಬರೆದು ಕೇಳಿದರೆ ಎಷ್ಟೋ ಸಲ ‘ಸರಿ’ ಎಂಬ ಉತ್ತರ ಬರುತ್ತದೆ. ಕೇಳದೆ ಬಿಟ್ಟರೆ ಅದೇ ಷರತ್ತಿನ ಉಲ್ಲಂಘನೆ.

ಕಾಗದದ ಗಂಡಾಂತರ

‘ಅಧಿಕೃತ’ ಟ್ರಾನ್ಸ್‌ಕ್ರಿಪ್ಟ್ ಎಂದರೆ ವಿದ್ಯಾರ್ಥಿಯ ಕೈ ಸೋಕದೆ ಶಾಲೆಯಿಂದ ನೇರ ಕಾಲೇಜಿಗೆ ಹೋದದ್ದು: ಶಾಲೆಯ ಇಲೆಕ್ಟ್ರಾನಿಕ್ ವ್ಯವಸ್ಥೆಯ ಮೂಲಕ, ಇಲ್ಲವೇ ಶಾಲೆಯೇ ಮುಚ್ಚಿ ಮೊಹರು ಹಾಕಿದ ಲಕೋಟೆಯಲ್ಲಿ. ಸ್ಕ್ಯಾನ್ ಮಾಡಿ ಪೋರ್ಟಲ್‌ಗೆ ಏರಿಸಿದ್ದು ಸಾಮಾನ್ಯವಾಗಿ ಅಧಿಕೃತ ಎನಿಸುವುದಿಲ್ಲ. ಅದರಲ್ಲಿ ಒಂಬತ್ತರಿಂದ ಹನ್ನೆರಡರವರೆಗಿನ ಎಲ್ಲ ಗ್ರೇಡ್, ಕೊನೆಯ ಸೆಮಿಸ್ಟರ್ ಸೇರಿ, ಮತ್ತು ಹೈಸ್ಕೂಲ್ ಮುಗಿಸಿದ ದಿನಾಂಕ ಇರಲೇಬೇಕು. ಅಮೆರಿಕದ ಶಾಲೆಗಳಲ್ಲಿ ಆಗುವ ಅತಿ ಸಾಮಾನ್ಯ ತಪ್ಪು ಇದು: ಜೂನ್ ಮೊದಲ ವಾರ ‘ಕಳಿಸಿ’ ಬಟನ್ ಒತ್ತುತ್ತಾರೆ, ಶಾಲೆಯ ರಿಜಿಸ್ಟ್ರಾರ್ ಆ ದಿನಾಂಕ ಹಾಕುವುದು ಅದಾಗಿ ಹತ್ತು ದಿನಕ್ಕೆ. ಹೋದದ್ದು ಅಪೂರ್ಣ ಪ್ರತಿ. ಆದೇಶ ಕೊಡುವಾಗ ‘ಗ್ರೇಡ್ ಮತ್ತು ಡಿಗ್ರಿ ದಾಖಲಾಗುವ ತನಕ ತಡೆಹಿಡಿ’ ಎಂಬ ಆಯ್ಕೆ ಇದ್ದರೆ ಅದನ್ನೇ ಆರಿಸಿ, ಮತ್ತು ನಿಮ್ಮ ಹೆಸರಿಗೆ ಒಂದು ಪ್ರತಿ ತರಿಸಿ ಕಣ್ಣಾರೆ ನೋಡಿ.

ಹೈಸ್ಕೂಲಿನಲ್ಲಿದ್ದಾಗಲೇ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಸಾರ್ವಜನಿಕ ಕಾಲೇಜು) ಒಂದು ಕೋರ್ಸ್ ಮಾಡಿದ್ದರೆ ಆ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಬೇರೆ ಕಳಿಸಬೇಕು. ಹತ್ತನೇ ತರಗತಿಯ ಬೇಸಿಗೆಯಲ್ಲಿ ಮಾಡಿ ಮರೆತ ಕೋರ್ಸಾದರೂ ಸರಿ, ನಡುವೆ ಬಿಟ್ಟು ‘ಡಬ್ಲ್ಯೂ’ ಬಂದಿದ್ದರೂ ಸರಿ. ಅದನ್ನು ಅರ್ಜಿಯಲ್ಲೇ ಬರೆಯದವರಿಗೆ ತೊಂದರೆ ದುಪ್ಪಟ್ಟು: ದಾಖಲೆ ಬಾಕಿ, ಜೊತೆಗೆ ಮುಚ್ಚಿಟ್ಟ ಅನುಮಾನ.

ಕರ್ನಾಟಕದಿಂದ ಹೋಗುವವರ ಕಷ್ಟಗಳು ಬೇರೆ ತರಹದವು. ಮೊದಲನೆಯದು, ಅಮೆರಿಕದ ಕಾಲೇಜಿನ ಲೆಕ್ಕದಲ್ಲಿ ‘ಹೈಸ್ಕೂಲ್’ ಎಂದರೆ ನಾಲ್ಕು ವರ್ಷ, ಒಂದೇ ಶಾಲೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಒಂದು ಕಡೆ, ಪಿಯು ಇನ್ನೊಂದು ಕಡೆ. ಹಾಗಾಗಿ ಎರಡು ಸಂಸ್ಥೆಗಳಿಂದ ಎರಡು ಟ್ರಾನ್ಸ್‌ಕ್ರಿಪ್ಟ್ ಬೇಕಾಗಬಹುದು. ಬೋರ್ಡಿನ ಮಾರ್ಕ್ಸ್ ಕಾರ್ಡ್ ಮತ್ತು ಟಿಸಿ ಇದ್ದರೆ ಸಾಕೆಂದು ಎಷ್ಟೋ ಮನೆಗಳಲ್ಲಿ ತಿಳಿದುಕೊಂಡಿರುತ್ತಾರೆ. ಒಂಬತ್ತನೇ ತರಗತಿಗೆ, ಮೊದಲ ಪಿಯುಗೆ ಬೋರ್ಡಿನ ಮಾರ್ಕ್ಸ್ ಕಾರ್ಡ್ ಎಲ್ಲಿದೆ? ಶಾಲೆಯ ಲೆಟರ್‌ಹೆಡ್ಡಿನ ಮೇಲೆ ವರ್ಷವಾರು ವಿಷಯ, ಪಡೆದ ಅಂಕ, ಗರಿಷ್ಠ ಅಂಕ, ಪಾಸಿನ ಮಿತಿ ಬರೆಸಿ, ಹೆಡ್‌ಮಾಸ್ಟರ ಸಹಿ ಮತ್ತು ಶಾಲೆಯ ಸೀಲು ಹಾಕಿಸಬೇಕು. ಈ ಕೆಲಸವನ್ನು ಮಾರ್ಚ್‌ನಲ್ಲೇ ಮುಗಿಸಿಕೊಳ್ಳಿ. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಶಾಲೆಗೆ ಬೇಸಿಗೆ ರಜೆ, ಸೀಲು ಬೀರುವಿನೊಳಗೆ, ಬೀರುವಿನ ಕೀಲಿ ಊರಿಗೆ ಹೋದವರ ಬಳಿ.

ಎರಡನೆಯದು ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ‘ಕಾವ್ಯ ಎಸ್’, ಪಾಸ್‌ಪೋರ್ಟಿನಲ್ಲಿ ‘ಕಾವ್ಯ ಸೋಮಶೇಖರ್’, ಅರ್ಜಿಯಲ್ಲಿ ಎರಡೂ ಅಲ್ಲದ ಮೂರನೇ ರೂಪ. ಇನಿಷಿಯಲ್ ಎಂದರೇನೆಂದು ಕಂಪ್ಯೂಟರಿಗೆ ತಿಳಿಯದು. ದಾಖಲೆ ತಲುಪಿರುತ್ತದೆ, ಯಾವ ಅರ್ಜಿಯ ಜೊತೆಗೂ ಕೂಡಿಕೊಳ್ಳುವುದಿಲ್ಲ, ಪೋರ್ಟಲ್‌ನಲ್ಲಿ ‘ಬಂದಿಲ್ಲ’ ಎಂದೇ ಉಳಿಯುತ್ತದೆ. ಪರಿಹಾರ ಸರಳ: ಅರ್ಜಿಯಲ್ಲಿ ಪಾಸ್‌ಪೋರ್ಟಿನ ಹೆಸರು, ಶಾಲೆ ಕಳಿಸುವ ಪ್ರತಿ ಪುಟದ ಮೇಲೆ ಅರ್ಜಿ ಸಂಖ್ಯೆ ಮತ್ತು ಜನ್ಮದಿನಾಂಕ, ಜೊತೆಗೆ ಇಬ್ಬರೂ ಒಬ್ಬರೇ ಎಂದು ಪ್ರಾಂಶುಪಾಲರಿಂದ ಒಂದು ಸಾಲಿನ ಪತ್ರ.

ಮೂರನೆಯದು ದ್ವಿತೀಯ ಪಿಯು ಫಲಿತಾಂಶ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದರಿಂದ ಕೆಲವರು ಅಂಕ ಸುಧಾರಿಸಲು ಪರೀಕ್ಷೆ-2 ಬರೆಯುತ್ತಾರೆ. ಬರೆಯುವುದಾದರೆ ಮೊದಲ ಫಲಿತಾಂಶವನ್ನು ತಡೆಹಿಡಿಯಬೇಡಿ. ಅದನ್ನು ಕಳಿಸಿ, ‘ಇನ್ನೊಂದು ಪರೀಕ್ಷೆ ಬರೆಯುತ್ತಿದ್ದೇನೆ, ಅದರ ಫಲಿತಾಂಶ ಬಂದ ಕೂಡಲೇ ಕಳಿಸುತ್ತೇನೆ’ ಎಂದು ತಿಳಿಸಿ. ಮೂಲ ಅಂಕಪಟ್ಟಿ ಕೈಸೇರಲು ತಡವಾಗುವಂತಿದ್ದರೆ ಜಾಲತಾಣದ ಫಲಿತಾಂಶದ ಪ್ರತಿಗೆ ಪ್ರಾಂಶುಪಾಲರ ದೃಢೀಕರಣ ಹಾಕಿಸಿದ್ದು ತಾತ್ಕಾಲಿಕವಾಗಿ ನಡೆಯುತ್ತದೆಯೇ ಎಂದು ಗಡುವಿಗೆ ಮೊದಲೇ ಈಮೇಲ್‌ನಲ್ಲಿ ಕೇಳಿ. ಆ ಉತ್ತರವನ್ನು ಅಳಿಸಬೇಡಿ.

ಇನ್ನು ಶಾಲೆ ಕೊಟ್ಟಿದ್ದ ‘ನಿರೀಕ್ಷಿತ ಅಂಕ’. ಮಕ್ಕಳ ಮೇಲಿನ ಪ್ರೀತಿಯಿಂದ 97 ಎಂದು ಬರೆದುಕೊಟ್ಟಿರುತ್ತಾರೆ, ಬೋರ್ಡಿನಲ್ಲಿ ಬರುವುದು 84. ಇಂಥ ಅಂತರ ಕಂಡರೆ ಕಾಲೇಜು ಕಾರಣ ಕೇಳಬಹುದು. ಉದಾರವಾಗಿ ಬರೆಸಿಕೊಂಡ ಅಂಕ ಸಾಲ ತಂದ ಒಡವೆ ಇದ್ದಂತೆ.

ಮೇಲ್ ಯಾರಿಗೆ ಹೋಗುತ್ತಿದೆ

ಬೆಂಗಳೂರಿನ ಕನ್ಸಲ್ಟೆಂಟ್ ಮೂಲಕ ಅರ್ಜಿ ಹಾಕಿದವರು ಈ ಒಂದು ವಿಷಯವನ್ನು ಇವತ್ತೇ ನೋಡಬೇಕು: ಅರ್ಜಿಯಲ್ಲಿರುವ ಈಮೇಲ್ ವಿಳಾಸ ಯಾರದು? ಕೆಲವು ಕನ್ಸಲ್ಟೆಂಟ್‌ಗಳು ತಾವೇ ಒಂದು ಹೊಸ ವಿಳಾಸ ಮಾಡಿ, ಪಾಸ್‌ವರ್ಡ್ ತಮ್ಮ ಬಳಿಯೇ ಇಟ್ಟುಕೊಂಡಿರುತ್ತಾರೆ. ಪ್ರವೇಶ ಸಿಕ್ಕ ಮೇಲೆ ಅವರ ಕೆಲಸ ಮುಗಿಯಿತು. ದಾಖಲೆ ಬಾಕಿ ಇದೆ ಎಂಬ ಎಚ್ಚರಿಕೆಗಳು ಯಾರೂ ತೆರೆಯದ ಇನ್‌ಬಾಕ್ಸ್‌ಗೆ ಹೋಗಿ ಬೀಳುತ್ತಿರುತ್ತವೆ. ವಿಳಾಸ ಬದಲಿಸಿ, ತರಗತಿ ಶುರುವಾಗುವವರೆಗೆ ವಾರಕ್ಕೆರಡು ಸಲ ಪೋರ್ಟಲ್ ತೆರೆದು ನೋಡಿ, ಸ್ಪ್ಯಾಮ್ ಫೋಲ್ಡರ್ ಕೂಡ.

ಕನ್ಸಲ್ಟೆಂಟ್ ಬರೆದುಕೊಟ್ಟ ಪ್ರಬಂಧ, ಸೇರಿಸಿದ ಪ್ರಶಸ್ತಿ, ‘ಸರಿಮಾಡಿದ’ ಅಂಕಪಟ್ಟಿ, ಇವಕ್ಕೆ ಹೊಣೆ ಸಹಿ ಹಾಕಿದ ವಿದ್ಯಾರ್ಥಿಯೇ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ಸಲ್ಲಿಸುವ ಮುನ್ನ ಒಪ್ಪುವ ಹೇಳಿಕೆಯಲ್ಲೇ, ಮಾಹಿತಿ ಸುಳ್ಳಾದರೆ ಪ್ರವೇಶ ರದ್ದಾಗಬಹುದು, ಸೇರಿದ ಮೇಲೆ ಹೊರಹಾಕಬಹುದು, ಕೊಟ್ಟ ಡಿಗ್ರಿಯನ್ನೂ ಹಿಂಪಡೆಯಬಹುದು ಎಂದಿದೆ. ಯುಸಿ ಒಂದಷ್ಟು ಅರ್ಜಿಗಳನ್ನು ಆರಿಸಿ, ಬರೆದ ಚಟುವಟಿಕೆಗೆ ಪುರಾವೆ ಕೊಡಿ ಎಂದು ಕೇಳುತ್ತದೆ. ಉತ್ತರಿಸದಿದ್ದರೆ ಅರ್ಜಿಯೇ ರದ್ದು. ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿವೇತನದ ಮೇಲೆ ಓದುತ್ತಿದ್ದ ಭಾರತದ ವಿದ್ಯಾರ್ಥಿಯೊಬ್ಬ ಅಂಕಪಟ್ಟಿಯಿಂದ ಹಿಡಿದು, ಬದುಕಿದ್ದ ತಂದೆಯ ಮರಣ ಪ್ರಮಾಣಪತ್ರದವರೆಗೆ ಖೊಟ್ಟಿ ಮಾಡಿದ್ದು 2024ರಲ್ಲಿ ಬಯಲಾಯಿತು. ಇಂಟರ್ನೆಟ್‌ನಲ್ಲಿ ಹೆಸರು ಮರೆಸಿ ತಾನೇ ಜಂಬ ಕೊಚ್ಚಿಕೊಂಡು ಸಿಕ್ಕಿಬಿದ್ದ. ಬಂಧನ, ತಪ್ಪೊಪ್ಪಿಗೆ, ಭಾರತಕ್ಕೆ ವಾಪಸ್.

ನಡತೆಯ ಕಾರಣಕ್ಕೆ ರದ್ದಾದವು ಸುದ್ದಿಯಾಗುತ್ತವೆ, ಸಂಖ್ಯೆಯಲ್ಲಿ ಕಡಿಮೆ. 2017ರಲ್ಲಿ ಹಾರ್ವರ್ಡ್ ಕನಿಷ್ಠ ಹತ್ತು ಮಂದಿಯ ಪ್ರವೇಶ ಹಿಂಪಡೆಯಿತು. ಆ ವರ್ಷ ಸೇರಲಿದ್ದವರ ಖಾಸಗಿ ಫೇಸ್‌ಬುಕ್ ಗುಂಪೊಂದರಲ್ಲಿ ಹಾಕಿದ ಹೊಲಸು ಮೀಮ್‌ಗಳು ಕಾರಣ. ಖಾಸಗಿ ಗುಂಪೆಂದರೆ ಸ್ಕ್ರೀನ್‌ಶಾಟ್ ತೆಗೆಯಲು ಬಾರದವರ ಗುಂಪೇನಲ್ಲ. ಪ್ರವೇಶ ಸಿಕ್ಕ ಮೇಲೆ ಶಾಲೆಯಲ್ಲಿ ಕಾಪಿ ಹೊಡೆದು ಅಮಾನತಾದರೆ ಅದನ್ನೂ ತಿಳಿಸಬೇಕೆಂಬ ನಿಯಮ ಹಲವು ಕಾಲೇಜುಗಳಲ್ಲಿದೆ. ಯಾವ ಕಾಲೇಜಿಗೆ ಸೇರುತ್ತೇವೆಂದು ತಿಳಿಸುವ ಮೇ 1ರ ಗಡುವಿಗೆ ಎರಡು ಕಾಲೇಜುಗಳಿಗೆ ಡಿಪಾಸಿಟ್ ಕಟ್ಟಿ ಯೋಚಿಸೋಣ ಎನ್ನುವುದೂ ಇದೇ ಸಾಲಿನದು. ಗೊತ್ತಾದರೆ ಎರಡೂ ಕೈತಪ್ಪಬಹುದು. ವೆಯ್ಟ್‌ಲಿಸ್ಟ್‌ನಲ್ಲಿ ಇದ್ದುಕೊಂಡು ಒಂದು ಕಡೆ ಡಿಪಾಸಿಟ್ ಕಟ್ಟುವುದಕ್ಕೆ ಅಡ್ಡಿಯಿಲ್ಲ.

ಗ್ರೇಡ್ ಕೆಟ್ಟಿತು, ಈಗೇನು

ಮೊದಲು ಆ ವಿಷಯದ ಶಿಕ್ಷಕರನ್ನು ಕಾಣಿ. ಕೊನೆಯ ಗ್ರೇಡ್ ಬೀಳುವ ಮುನ್ನ ಬಾಕಿ ಹೋಂವರ್ಕ್, ಮರುಪರೀಕ್ಷೆ ಏನಾದರೂ ಇದೆಯೇ ಕೇಳಿ. 68 ಇದ್ದದ್ದು 70 ಆದರೆ ಹೆಚ್ಚಿನ ಶಾಲೆಗಳಲ್ಲಿ ಡಿ ಹೋಗಿ ಸಿ ಬರುತ್ತದೆ, ಇಡೀ ತಲೆನೋವೇ ಮುಗಿಯುತ್ತದೆ.

ಆಗದಿದ್ದರೆ, ಟ್ರಾನ್ಸ್‌ಕ್ರಿಪ್ಟ್ ತಲುಪುವ ಮೊದಲೇ ಕಾಲೇಜಿಗೆ ನೀವೇ ತಿಳಿಸಿ. ಯುಸಿಯಂಥ ಕಡೆ ಇದು ಷರತ್ತಿನಲ್ಲೇ ಇದೆ, ಉಳಿದ ಕಡೆ ಜಾಣತನ. ಪೋರ್ಟಲ್‌ನಲ್ಲಿ ಅದಕ್ಕೆಂದೇ ಫಾರ್ಮ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ನಿಮ್ಮ ಪ್ರದೇಶ ನೋಡಿಕೊಳ್ಳುವ ಅಡ್ಮಿಷನ್ ಅಧಿಕಾರಿಗೆ. ಬರೆಯಬೇಕಾದ್ದು ವಿದ್ಯಾರ್ಥಿ. ಅಪ್ಪ ಬರೆದ ಪತ್ರ, ಎಷ್ಟೇ ಚೆನ್ನಾಗಿದ್ದರೂ, ಕೆಲಸ ಕೆಡಿಸುತ್ತದೆ. ಇನ್ನೂರೈವತ್ತು ಪದ ಸಾಕು. ಮೊದಲ ಸಾಲಿನಲ್ಲೇ ಸಂಗತಿ: ‘ಎರಡನೇ ಸೆಮಿಸ್ಟರ್‌ನ ರಸಾಯನಶಾಸ್ತ್ರದಲ್ಲಿ ನನಗೆ ಡಿ ಬಂದಿದೆ.’ ಆಮೇಲೆ ಕಾರಣ, ನಿಜವಾದದ್ದು: ‘ಮಾರ್ಚ್‌ನಲ್ಲಿ ಮೂರು ವಾರ ಡೆಂಗಿ ಜ್ವರದಿಂದ ಮಲಗಿದ್ದೆ, ಲ್ಯಾಬ್‌ನ ನಾಲ್ಕು ವರದಿ ಬಾಕಿ ಉಳಿದವು.’ ಕಾರಣ ದೊಡ್ಡದಿಲ್ಲದಿದ್ದರೆ ದೊಡ್ಡದು ಮಾಡಬೇಡಿ, ‘ನಾನು ಅಲಕ್ಷ್ಯ ಮಾಡಿದೆ’ ಎನ್ನುವುದು ಕಟ್ಟುಕತೆಗಿಂತ ಮೇಲು. ಕೊನೆಗೆ ಪರಿಹಾರ: ‘ಜೂನ್‌ನಲ್ಲಿ ಇದೇ ವಿಷಯವನ್ನು ಕಮ್ಯುನಿಟಿ ಕಾಲೇಜಿನಲ್ಲಿ ಮತ್ತೆ ಮಾಡಲು ಹೆಸರು ನೋಂದಾಯಿಸಿದ್ದೇನೆ, ಇದು ಒಪ್ಪಿಗೆಯೇ ತಿಳಿಸಿ.’ ವೈದ್ಯರ ಚೀಟಿ ಇದ್ದರೆ ಲಗತ್ತಿಸಿ, ಕೌನ್ಸೆಲರ್‌ರಿಂದ ಎರಡು ಸಾಲು ಪ್ರತ್ಯೇಕವಾಗಿ ಹೋಗಲಿ.

ಕಾಲೇಜಿನಿಂದಲೇ ಮೊದಲು ಪತ್ರ ಬಂದರೆ, ಅದು ವಿವರಣೆ ಕೇಳುವ ಪತ್ರವೋ ರದ್ದತಿಯ ಆದೇಶವೋ ಎಂದು ನೋಡಿ. ಗಾಬರಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಮೊದಲನೆಯದಕ್ಕೆ ಕೊಟ್ಟ ಗಡುವಿನೊಳಗೆ ಮೇಲಿನಂಥ ಉತ್ತರ ಸಾಕು. ಷರತ್ತಿನ ಮೇಲೆ ಒಪ್ಪಿಕೊಳ್ಳುವುದು, ಮೊದಲ ಸೆಮಿಸ್ಟರ್ ನಿಗಾದಲ್ಲಿಡುವುದು, ವಸಂತದಲ್ಲಿ ಸೇರಿ ಎನ್ನುವುದು, ಹೀಗೆ ನಡುದಾರಿಗಳೂ ಇವೆ. ಎರಡನೆಯದಕ್ಕೆ ಮೇಲ್ಮನವಿ. ಅದರಲ್ಲಿ ಹಳೆಯ ಸಾಧನೆಗಳ ಪಟ್ಟಿ ಉಪಯೋಗಕ್ಕೆ ಬಾರದು, ಅವನ್ನು ಓದಿಯೇ ಮೊದಲು ಸೀಟು ಕೊಟ್ಟದ್ದು. ಅವರಿಗೆ ಗೊತ್ತಿರದ ಹೊಸ ಸಂಗತಿ ಮತ್ತು ಅದರ ಪುರಾವೆ ಬೇಕು: ಗಡುವಿಗೆ ಮೊದಲೇ ಟ್ರಾನ್ಸ್‌ಕ್ರಿಪ್ಟ್ ಹೋದ ರಸೀದಿ, ತಿದ್ದಿದ ಗ್ರೇಡಿನ ದಾಖಲೆ, ಶಾಲೆಯ ತಪ್ಪಾಗಿದ್ದರೆ ಪ್ರಾಂಶುಪಾಲರ ಒಪ್ಪಿಗೆ ಪತ್ರ.

ರದ್ದತಿ ಖಾಯಂ ಆದರೆ ಭಾರತದಿಂದ ಹೋಗುವವರು ಮೊದಲು ನೆನಪಿಡಬೇಕಾದ್ದು ಐ-20. ಅದು ವಿದ್ಯಾರ್ಥಿ ವೀಸಾಕ್ಕೆಂದು ಕಾಲೇಜು ಕೊಡುವ, ಆ ಕಾಲೇಜಿಗೇ ಕಟ್ಟುಬಿದ್ದ ಕಾಗದ. ಪ್ರವೇಶ ಹೋದರೆ ಅದೂ ಹೋಯಿತು, ಪಾಸ್‌ಪೋರ್ಟಿನಲ್ಲಿ ಎಫ್-1 ವೀಸಾ ಅಂಟಿಸಿದ್ದರೂ ಆ ಬಲದ ಮೇಲೆ ವಿಮಾನ ಹತ್ತಬೇಡಿ. ಬೇರೆ ಕಾಲೇಜು ಸಿಕ್ಕರೆ ಹೊಸ ಐ-20 ಪಡೆದು, 350 ಡಾಲರಿನ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ಶುಲ್ಕದ ವಿಷಯವನ್ನೂ ವೀಸಾದ ವಿಷಯವನ್ನೂ ಆ ಕಾಲೇಜಿನ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಬರೆದು ಕೇಳಿ. ಮೇ ತಿಂಗಳಿಂದ ಅಮೆರಿಕದ ಕೌನ್ಸೆಲರ್‌ಗಳ ಸಂಘ ನ್ಯಾಕಾಕ್, ಇನ್ನೂ ಸೀಟು ಉಳಿದಿರುವ ಕಾಲೇಜುಗಳ ಪಟ್ಟಿ ಪ್ರಕಟಿಸುತ್ತದೆ. ಹೆಸರಾಂತ ಕಾಲೇಜುಗಳು ಅದರಲ್ಲಿ ಕಡಿಮೆ, ಒಳ್ಳೆಯವು ಇವೆ. ಮನೆಯಲ್ಲೇ ಇದ್ದು ಕೆಸಿಇಟಿ ಬರೆದಿಟ್ಟುಕೊಂಡವರಿಗೆ ಕೆಇಎ ಕೌನ್ಸೆಲಿಂಗ್‌ನ ಯಾವ ಸುತ್ತು ನಡೆಯುತ್ತಿದೆ ಎಂಬುದೇ ದೊಡ್ಡ ಪ್ರಶ್ನೆ.

ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಇನ್ನೊಂದು ಬಾಗಿಲಿದೆ. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ, 60 ಸೆಮಿಸ್ಟರ್ ಯೂನಿಟ್ ಮುಗಿಸಿ, ಯುಸಿಯ ಮೂರನೇ ವರ್ಷಕ್ಕೆ ವರ್ಗವಾಗಬಹುದು. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಕ್ಯಾಂಪಸ್‌ಗಳು ನಿಗದಿತ ಅಂಕ ಬಂದವರಿಗೆ ‘ಟ್ಯಾಗ್’ ಎಂಬ ಖಾತ್ರಿಯನ್ನೂ ಕೊಡುತ್ತವೆ. ಸೇರುವ ಹಿಂದಿನ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ಅದಕ್ಕೆ ಅರ್ಜಿ ಹಾಕಬೇಕು. ಆ ಅರ್ಜಿಯಲ್ಲಿ ನೋಡುವುದು ಕಮ್ಯುನಿಟಿ ಕಾಲೇಜಿನ ಅಂಕಗಳನ್ನು. ಹನ್ನೆರಡನೇ ತರಗತಿಯ ಆ ‘ಡಿ’ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.